ಎರಡೋ ಎಂಟೋ

ಶಕ್ತಿನಗರದಲ್ಲಿ ನಮ್ಮ ಫ್ಲ್ಯಾಟಿನ ಎದುರು ಬಾಗಿಲು ಹಾಜಿಯವರದ್ದು. ವರ್ಷಗಟ್ಟಲೆ ಗಲ್ಫಿನಲ್ಲಿದ್ದು ಬಂದು, ಈಗ ಬೈಕಂಪಾಡಿಯಲ್ಲಿ ಪೈಪು, ನಟ್ಟು-ಬೋಲ್ಟುಗಳ ಅಂಗಡಿ ನಡೆಸುತ್ತಿದ್ದಾರೆ. ನನ್ನ ಗಂಡನ ಅಣ್ಣ, ನಾನು ಬಾವ ಎನ್ನುವವರು, ಕೆಳಗಿನ ಮಹಡಿಯಲ್ಲಿದ್ದಾರೆ. ನಂತೂರಿನ ಹತ್ತಿರ ಅವರದ್ದೊಂದು ಸಸ್ಯಾಹಾರಿ ಹೋಟೆಲು. ಬಾವನೂ ಹಾಜಿಯವರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಈಗಲೂ ದಿನಾ ಬೆಳಿಗ್ಗೆ ಜೊತೆಯಾಗಿ ವಾಕಿಂಗ್ ಹೊರಡುತ್ತಾರೆ. ನಡೆಯುವುದಕ್ಕಿಂತ ನಿಂತು ಮಾತಾಡುವುದೇ ಹೆಚ್ಚು.

ಒಂದು ಬೆಳಿಗ್ಗೆ ಆ ಮಾತು ನಮ್ಮ ಮನೆಯೊಳಗೇ ಬಂತು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅವರಿಗೆ ತೀರ್ಪುಗಾರರು ಬೇಕಾಗಿದ್ದರು. ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಲೆಕ್ಕ ಹಾಕಿದ್ದರು: 12 ÷ 3(1+1). ಕೆಳಗೆ ‘ಬುದ್ಧಿವಂತರಿಗೆ ಮಾತ್ರ’ ಎಂದಿತ್ತು. ಅಲ್ಲಿಗೆ ಇಬ್ಬರೂ ಕೆಟ್ಟರು.

ತಮ್ಮೊಳಗೆ ಅವರದ್ದು ತುಳು. ಆದರೆ ಗಣಿತ ಕಲಿತದ್ದು ಕನ್ನಡದಲ್ಲಾದ್ದರಿಂದ ಲೆಕ್ಕದ ಜಗಳವೂ ಕನ್ನಡದಲ್ಲೇ ನಡೆಯಿತು.

“ಎಂಟು,” ಎಂದರು ಬಾವ. “ಆವರಣದೊಳಗಿದ್ದದ್ದು ಎರಡು ಆಯ್ತಲ್ಲ? ಮತ್ತೆ ಎಡದಿಂದ ಬಲಕ್ಕೆ ಹೋಗುದು. ಹನ್ನೆರಡು ಭಾಗಿಸು ಮೂರು, ನಾಲ್ಕು. ನಾಲ್ಕೆರಡ್ಲಿ ಎಂಟು.”

“ಆ ಮೂರು ಆವರಣಕ್ಕೆ ಅಂಟಿಕೊಂಡು ಉಂಟು, ಕಾಣುದಿಲ್ವಾ ನಿಂಗೆ?” ಎಂದರು ಹಾಜಿಯವರು. “ಅದನ್ನು ಹೇಗೆ ಬಿಡಿಸ್ತಿ ಮಾರಾಯ? ಮೂರೆರಡ್ಲಿ ಆರು ಮೊದಲು. ಹನ್ನೆರಡನ್ನು ಆರರಿಂದ ಭಾಗಿಸಿದ್ರೆ ಎರಡು.”

ನಾನು ದೋಸೆ ಕಾವಲಿಯ ಮುಂದಿದ್ದೆ. ತಿರುಗಿಯೂ ನೋಡದೆ “ಎಂಟು” ಎಂದುಬಿಟ್ಟೆ. ಬಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದರು. ಹಾಜಿಯವರು ಎದ್ದು ಹೋಗಿ, ಮಗಳು ಎಂಜಿನಿಯರಿಂಗ್ ಓದುವಾಗ ಬಳಸುತ್ತಿದ್ದ ಕ್ಯಾಲ್ಕುಲೇಟರ್ ತಂದರು. ಲೆಕ್ಕವನ್ನು ಇದ್ದ ಹಾಗೇ ಒತ್ತಿ ನನ್ನ ಮುಂದೆ ಹಿಡಿದರು. ಅದರಲ್ಲಿ ಎರಡು ಎಂದಿತ್ತು. ಗಾಬರಿಯಲ್ಲಿ ನನ್ನ ಮೊಬೈಲಿನಲ್ಲಿ ಒತ್ತಿದೆ. ಎಂಟು ಬಂತು. ಕಾವಲಿಯ ಮೇಲಿನ ದೋಸೆ ಕರಟಿತು.

ಆಗ ನೆನಪಾಯಿತು, ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಬೋಡ್‌ಮಾಸ್ ಸೂತ್ರದಲ್ಲಿ ಆವರಣ ಆದ ಮೇಲೆ ಬರುವುದು ‘ಆಫ್’, ಎಂದರೆ ‘ಇಂತಿಷ್ಟರ ಇಷ್ಟು ಪಟ್ಟು’. ಭಾಗಾಕಾರ ಅದರ ನಂತರ. 3(1+1) ಎನ್ನುವುದನ್ನು ‘ಎರಡರ ಮೂರು ಪಟ್ಟು’ ಎಂದು ಓದಿದರೆ ಹಾಜಿಯವರು ಸರಿ. ನಡುವೆ ಬರೇ ಒಂದು ಗುಣಾಕಾರ ಚಿಹ್ನೆ ಬಿಟ್ಟುಹೋಗಿದೆ ಎಂದುಕೊಂಡರೆ ಬಾವ ಸರಿ.

“ಬರೆದವನದ್ದೇ ತಪ್ಪು,” ಎಂದೆ. “ಇನ್ನೊಂದು ಆವರಣ ಹಾಕಿದ್ದರೆ ಈ ಗಲಾಟೆಯೇ ಇರಲಿಲ್ಲ.”

“ಇದೆಂತ ತೀರ್ಪು ಟೀಚರ್?” ಎಂದರು ಹಾಜಿಯವರು. “ಡ್ರಾ ಮಾಡ್ಲಿಕ್ಕೆ ಇದು ಫುಟ್ಬಾಲಾ?”

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಬಾವ ನಗುತ್ತಾ, “ಇವ ಏಳನೇ ಕ್ಲಾಸು ಪಾಸಾದದ್ದೇ ನನ್ನ ಪೇಪರ್ ನೋಡಿ,” ಎಂದುಬಿಟ್ಟರು. ಅಜ್ಜನನ್ನು ಹುಡುಕಿಕೊಂಡು ಬಂದಿದ್ದ ಹಾಜಿಯವರ ಮೊಮ್ಮಕ್ಕಳು ಬಾಗಿಲಲ್ಲಿ ನಿಂತಿದ್ದವು. ಅವು ಕಿಸಕ್ಕೆಂದು ನಕ್ಕವು. ಹಾಜಿಯವರು ಕ್ಯಾಲ್ಕುಲೇಟರನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಮರುದಿನ ಇಬ್ಬರೂ ಬೇರೆ ಬೇರೆ ಹೊತ್ತಿಗೆ ವಾಕಿಂಗ್ ಹೋದರು. ಅದರ ಮರುದಿನವೂ ಹಾಗೆಯೇ. ಬಾವ ನನ್ನೊಡನೆ, “ಅವನಿಗೆ ತಮಾಷೆ ಗೊತ್ತಾಗುದಿಲ್ಲ,” ಎಂದು ಗೊಣಗಿದರು. ಆದರೆ ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ನನಗೂ ಕಸಿವಿಸಿ. ದೋಸೆ ಮಗುಚುತ್ತಾ ತೀರ್ಪು ಕೊಡಬಾರದಿತ್ತು.

ಅಷ್ಟರಲ್ಲಿ ಹಾಜಿಯವರ ಮಗಳ ಗಂಡನ ಮನೆಯವರು ಚಹಾಕ್ಕೆ ಬರುವುದು ನಿಶ್ಚಯವಾಯಿತು. ಅಂಥ ದಿನ ಅವರ ಮನೆಗೆ ತಿಂಡಿ ಬರುವುದು ಬಾವನ ಹೋಟೆಲಿನಿಂದಲೇ. ಹಾಜಿಯವರಿಗೆ ಸಿಟ್ಟಿದ್ದದ್ದು ಬಾವನ ಮೇಲೆ, ಗೋಳಿಬಜೆಯ ಮೇಲಲ್ಲ. ಕುಶಲ ಕ್ಷೇಮ ಏನೂ ಇಲ್ಲದೆ ಮೊಬೈಲಿನಲ್ಲಿ ಒಂದೇ ಸಾಲು ಕಳಿಸಿದರು: ‘ಸಂಜೆಗೆ ಐದು ಡಬ್ಬಿ ಬನ್ಸ್ ಮತ್ತು ಗೋಳಿಬಜೆ.’

ಕೈಜೋಡಿಸಲು ನಾನೂ ಹೋಗಿದ್ದೆ. ನೆಂಟರು ಬಂದು ಕೂತರು. ಹಾಜಿಯವರ ಹೆಂಡತಿ ಅಡುಗೆಮನೆಯಲ್ಲಿ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿದರು. ಐದರಲ್ಲಿ ಬನ್ಸ್. ಗೋಳಿಬಜೆ ಒಂದೇ ಡಬ್ಬಿ.

“ಇಷ್ಟು ಜನಕ್ಕೆ ಇದು ಎಲ್ಲಿಗೆ ಸಾಕು?” ಎಂದು ಅವರು ತಲೆಗೆ ಕೈಯಿಟ್ಟರು.

ಹಾಜಿಯವರು ಅಡುಗೆಮನೆಯ ಮೂಲೆಗೆ ಹೋಗಿ, ಸ್ಪೀಕರಿನಲ್ಲಿಟ್ಟು ಫೋನು ಮಾಡಿದರು. ಜಗಳದ ನಂತರ ಬಾವನೊಡನೆ ಅವರಾಡಿದ ಮೊದಲ ಮಾತು ಅದು.

“ಎಂತ ಮಾರಾಯ, ಗೋಳಿಬಜೆ ಒಂದೇ ಡಬ್ಬಿ ಉಂಟಲ್ಲ! ಬೇಕೂಂತ ಮಾಡಿದ್ದಾ?”

“ನೀನು ಬರೆದದ್ದು ಹಾಗೇ ಅಲ್ವಾ? ಐದು ಇದ್ದದ್ದು ಬನ್ಸಿಗೆ. ಮತ್ತೆ ಗೋಳಿಬಜೆ. ನಾನು ಎಡದಿಂದ ಬಲಕ್ಕೆ ಓದಿದೆ.”

“ಐದು ಎರಡಕ್ಕೂ!”

“ಹಾಗಾದ್ರೆ ಆವರಣ ಎಲ್ಲುಂಟು?”

ನಾನು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಹಾಜಿಯವರ ಭುಜ ಕುಲುಕತೊಡಗಿತು. ಆಮೇಲೆ ಎಂಥ ನಗು! ಚಾವಡಿಯಲ್ಲಿದ್ದ ನೆಂಟರು ಮಾತು ನಿಲ್ಲಿಸಿದರು. ಆ ಕಡೆಯಿಂದ ಬಾವನೂ ಕೆಮ್ಮಿ ಕೆಮ್ಮಿ ನಗುತ್ತಿದ್ದರು.

“ಈಗ ಕರಿಸಿ ತರ್ತೇನೆ, ಇರು,” ಎಂದರು.

ಬರುವಾಗ ನಂತೂರಿನ ಲಾರಿಗಳ ನಡುವೆ ಸಿಕ್ಕಿಬಿದ್ದರು. ಹಾಜಿಯವರು ಬಾಲ್ಕನಿಗೂ ಚಾವಡಿಗೂ ಓಡಾಡಿದರು. ನೆಂಟರು ಬನ್ಸ್ ತಿಂದು ಹೊಗಳಿದರು. ಕೊನೆಗೆ ಬಾವ ನಾಲ್ಕು ಡಬ್ಬಿ ಎದೆಗವಚಿಕೊಂಡು ಬೆವರುತ್ತಾ ಬಂದರು.

“ಅವತ್ತು ಮಕ್ಕಳ ಎದುರು ಹಾಗೆ ಹೇಳಬಾರದಿತ್ತು,” ಎಂದರು ಮೆಲ್ಲಗೆ.

“ಡಬ್ಬಿ ಕೆಳಗಿಡು ಮೊದಲು, ಆರ್ತದೆ,” ಎಂದರು ಹಾಜಿಯವರು.

ನಗುವಿಗೆ ಕಾರಣವೇನೆಂದು ಬೀಗರು ಕೇಳಿದರು. ಹಾಜಿಯವರು ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿದರು. ಬೀಗರು ಕನ್ನಡಕ ಏರಿಸಿ, “ಸುಲಭ ಉಂಟಲ್ಲ, ಎಂಟು,” ಎಂದರು. ಬೀಗಿತ್ತಿ ಪಕ್ಕದಿಂದ ಬಗ್ಗಿ ನೋಡಿ, “ಎಂಟು ಹೇಗೆ? ಎರಡು,” ಎಂದರು. ಅವರ ಮಗ ತಾಯಿಯ ಕಡೆ ಸೇರಿದ. ಸೊಸೆ, ಎಂದರೆ ಹಾಜಿಯವರ ಎಂಜಿನಿಯರ್ ಮಗಳು, ಸ್ವಂತ ಅಪ್ಪನನ್ನು ಬಿಟ್ಟು ಮಾವನ ಕಡೆ ಹೋದಳು. ದನಿಗಳು ಏರಿದವು. ಯಾರೋ “ಟೀಚರನ್ನು ಕೇಳಿ” ಎಂದದ್ದು ಕೇಳಿಸಿತು. ನಾನು ಚಹಾ ಸೋಸುವ ನೆಪದಲ್ಲಿ ಒಳಗೆ ಸರಿದೆ.

ಅಡುಗೆಮನೆಯ ಕಿಟಕಿಯಿಂದ ಬಾಲ್ಕನಿ ಕಾಣುತ್ತಿತ್ತು. ಒಂದು ತಟ್ಟೆ ಗೋಳಿಬಜೆ ಹಿಡಿದುಕೊಂಡು ಇಬ್ಬರೂ ಅಲ್ಲಿಗೆ ತಪ್ಪಿಸಿಕೊಂಡಿದ್ದರು. ಚಟ್ನಿಗೆ ಉಪ್ಪು ಸ್ವಲ್ಪ ಹೆಚ್ಚಾಯಿತೆಂದು ಹಾಜಿಯವರು, ಸರಿಯಾಗಿಯೇ ಇದೆಯೆಂದು ಬಾವ, ತುಳುವಿನಲ್ಲಿ ಜಗಳವಾಡುತ್ತಿದ್ದರು.