ಒತ್ತದ ಕಾಲು

“ಸ್ಟಾಪು ಕಾಣ್ತಾ ಅದೆ, ಇನ್ನೂ ಯಾಕ್ಲಾ ಒತ್ತೀಯೆ? ಡೀಸೆಲ್ಲು ನಿಮ್ಮಪ್ಪನ್ ಮನೇದಾ?”

ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹೊರಟ ಸಿಟಿ ಬಸ್ಸಿನಲ್ಲಿ, ನನ್ನ ಪಕ್ಕ ಕುಳಿತಿದ್ದ ಹಿರಿಯರು ಡ್ರೈವರಿಗೆ ಹೀಗೆ ಕೂಗಿದಾಗ ಎಲ್ಲರೂ ನಕ್ಕರು. ಅವರು ಇದೇ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಡೀಸೆಲ್ ಉಳಿಸಿದ್ದಕ್ಕೆ ಡಿಪೋದಲ್ಲಿ ಹಾರ ಹಾಕಿದ್ದರಂತೆ. ಪ್ರತಿ ಸ್ಟಾಪಿಗೂ ಮುಂಚೆ ಅವರ ಬಲಗಾಲು, ಆಕ್ಸಿಲರೇಟರಿನಿಂದ ತೆಗೆದಂತೆ, ತಾನಾಗಿ ಮೇಲೇಳುತ್ತಿತ್ತು. ನಾನು ಮೆಚ್ಚಿ ಮಾತಾಡಿದಾಗ ಅವರು ಹೇಳಿದರು:

“ಒಂದಿನ ಮಗ್ಳು ಮೈಸೂರಾಸ್ಪತ್ರೇಲಿ ನನ್ ದಾರಿ ಕಾಯ್ತಿದ್ಲು. ಟ್ರಿಪ್ಪು ಮುಗ್ಸಿ ಓಗ್ಬೇಕಿತ್ತು. ಅವತ್ತೂ ಈ ಕಾಲು ಜೋರಾಗಿ ಒತ್ನಿಲ್ಲ ಕಣಪ್ಪ. ನಾನ್ ಓಗೋ ಅಷ್ಟೊತ್ಗೆ ಮೊಕ ಮುಚ್ಬುಟ್ಟಿದ್ರು.”

ಅವರ ಮಾತನ್ನು ನನ್ನ ನೆನಪು ತಿದ್ದಿರಬಹುದು. ಆದರೆ ಮುಂದಿನ ಸ್ಟಾಪಿಗೆ ಆ ಕಾಲು ಮತ್ತೆ ಎದ್ದಾಗ, ಅವರು ಮಂಡಿಯನ್ನು ಎರಡೂ ಕೈಯಿಂದ ಕೆಳಕ್ಕೆ ಅದುಮಿ ಹಿಡಿದದ್ದು ನಿಜ.