ಕಪ್ಪು ಗಾಜಿನಲ್ಲಿ ಗುಡವಿಯ ಹಕ್ಕಿ

ಡಿಜಿಟಲ್ ಕಾಲದಲ್ಲಿ ಮಕ್ಕಳನ್ನು ಬೆಳೆಸುವುದರ ಬಗ್ಗೆ ಪುಸ್ತಕ ಬರೆದ ನನ್ನ ಮಗಳ ಶಾಲೆಯ ಹೆಡ್‌ಮಿಸ್ ಈಗಿಲ್ಲ. ಅವರನ್ನು ನೆನೆದಾಗೆಲ್ಲ ನನ್ನ ಅಂಗಾಲಿಗೆ ಒಂದು ತಣ್ಣನೆಯ ನೆಲ ತಾಗಿದಂತಾಗುತ್ತದೆ. ತೊಂಬತ್ತರ ದಶಕದ ಕೊನೆ. ಶಿಕಾರಿಪುರದ ಅವರ ಶಾಲೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಮಾನಿಟರ್‌ಗೆ ಕಸೂತಿ ಬಟ್ಟೆಯ ಹೊದಿಕೆ, ಮೂಲೆಯಲ್ಲಿ ಆಯುಧಪೂಜೆಯ ಕುಂಕುಮ. ಕಾನ್ವೆಂಟಿನಲ್ಲಿ ಓದಿದ ನನಗೆ ನಮ್ಮ ಚಾಪೆಲ್ ನೆನಪಾಗುತ್ತಿತ್ತು, ಅದೇ ಸೈಲೆನ್ಸ್.

ಆ ವರ್ಷ ಮನೆಯವರಿಗೆ ಟ್ರಾನ್ಸ್‌ಫರ್ ಆಗಿ ಸೊರಬ ಬಿಟ್ಟು ಬಂದಿದ್ದೆವು. ಬಂದಾಗಿನಿಂದ ಮಗಳು ಮಾತೇ ಆಡುತ್ತಿರಲಿಲ್ಲ. ಸಂಜೆಯೆಲ್ಲ ಟಿವಿ, ಕೇಳಿದ್ದಕ್ಕೆ ಹೂಂ, ಉಹೂಂ. ಮುದ್ದು ಮಾಡಿದೆ, ಗದರಿಸಿದೆ, ಕೊನೆಗೆ ಕೇಬಲ್ ತೆಗೆಸಿದೆ. ಮೌನ ಇನ್ನಷ್ಟು ಗಟ್ಟಿಯಾಯಿತು. ಮಗು ಹೀಗೇ ಕೈತಪ್ಪಿ ಹೋದರೆ ಎಂಬ ಭಯದಲ್ಲಿ ಹೆಡ್‌ಮಿಸ್ ಹತ್ತಿರ ಓಡಿದೆ.

"ಕಂಪ್ಯೂಟರ್ ಕ್ಲಾಸಿಂದ ಬಿಡಿಸಿಬಿಡಿ ಮಿಸ್, ಪ್ಲೀಸ್. ಇನ್ನೊಂದು ಸ್ಕ್ರೀನ್ ಬೇಡ."

"ಆಯ್ತು. ಮೊದಲು ಒಳಗೆ ಬರ್ರೀ," ಎಂದವರು ಮಗಳನ್ನು ಕಂಪ್ಯೂಟರ್ ಕೋಣೆಗೆ ಕರೆಸಿ, ನನ್ನನ್ನು ಅವಳ ಪಕ್ಕ ಕೂರಿಸಿದರು. "ಪುಟ್ಟಿ, ಇವತ್ತು ನೀನೇ ಟೀಚರ್. ಅಮ್ಮನಿಗೆ ಚಿತ್ರ ಬರೆಯೋದು ಹೇಳಿಕೊಡು. ಬೈಯಬೇಡ, ಪಾಪ, ಹೊಸ ಅಡ್ಮಿಷನ್." ಆಮೇಲೆ ಕಿಟಕಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತರು.

ನಾನು ಮೌಸ್ ಹಿಡಿದೆ. ಗೆರೆ ಎತ್ತೆತ್ತಲೋ ಓಡಿತು.

"ಅಮ್ಮಾ, ಚಟ್ನಿ ಅರೀತಿದ್ದೀಯಾ? ಮೆಲ್ಲಗೆ!"

ಎಷ್ಟು ದಿನಗಳ ಮೇಲೆ ಕೇಳಿದ ನಗು! ಪುಟ್ಟ ಕೈ ನನ್ನ ಕೈ ಮೇಲೆ ಬಂತು. ಉದ್ದ ಕಾಲು, ಬಾಗಿದ ಕೊಕ್ಕು. ಹಕ್ಕಿಯೊಂದು ನಿಂತುಕೊಂಡಿತು.

"ಇದು ಗುಡವಿದು," ಎಂದಳು. ಗುಡವಿ ಎಂದರೆ ಸೊರಬದ ಹತ್ತಿರದ ಪಕ್ಷಿಧಾಮ.

ಅದರ ಕೆರೆಗೆ ನೀಲಿ ತುಂಬುವಷ್ಟರಲ್ಲಿ ಕರೆಂಟ್ ಹೋಯಿತು. ಅಳುತ್ತಾಳೆ ಅಂದುಕೊಂಡೆ. ಕಪ್ಪು ಗಾಜಿನಲ್ಲಿ ನಮ್ಮಿಬ್ಬರ ಮುಖ ನೀರೊಳಗಿನಂತೆ ತೇಲುತ್ತಿತ್ತು. ಅದರ ಮೇಲೆ ಬೆರಳಾಡಿಸುತ್ತ ಅವಳು ಹೇಳುತ್ತಲೇ ಹೋದಳು: "ಇಲ್ಲಿ ಕೆರೆ. ಇಲ್ಲಿ ಮರ. ಇಲ್ಲಿ ನಾನು, ಸೊರಬದ ನನ್ನ ಫ್ರೆಂಡು..." ಬೆರಳು ನಿಂತಿತು. "ಅವಳು ನನ್ನ ಮರೆತಿರ್ತಾಳಾ ಅಮ್ಮ?"

ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದುದು ಇದೇನಾ ಕಂದಾ?

"ಭಾನುವಾರ ಬಸ್ ಹತ್ತೋಣ, ಅವಳನ್ನೇ ಕೇಳೋಣ," ಎಂದೆ. ಅವಳು ನನಗೆ ಒರಗಿಕೊಂಡು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ತನಗೇ ಅಂದಳು. ಫ್ರೆಂಡಿಗೆ ಏನು ಒಯ್ಯೋದು ಅಂದಳು. ಮಾತು ಬೆಳೆಯುತ್ತಲೇ ಇತ್ತು.

ಹೆಡ್‌ಮಿಸ್ ಬರಿಗಾಲಲ್ಲಿ ಸದ್ದಿಲ್ಲದೆ ಬಂದರು. ಕರೆಂಟ್ ಮತ್ತೆ ಬಂದರೂ ಸ್ಕ್ರೀನ್ ಬೆಳಗದಂತೆ, ಗೋಡೆಯ ಸ್ವಿಚ್ ಆಫ್ ಮಾಡಿ ಹೊರಗೆ ಹೋದರು.