ಸುಣ್ಣ ಬಳಿದ ಬೇವಿನ ಮರಗಳು

ಅಪ್ಪ ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಬಾಡಿಗೆ ಜೀಪು ಹೊಡೆಯುತ್ತಿದ್ದ. ತೊಂಬತ್ತರ ದಶಕದ ಮಾತು. ಕೊನೆಯ ಟ್ರಿಪ್ಪು ಹೊರಡುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಎದುರಿಗೆ ಬರುವ ಲಾರಿಯವರಿಗೆ ದೀಪ ಇಳಿಸುವ ಬುದ್ಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಾಳಾದವರು ಕಣ್ಣಿಗೆ ಖಾರದಪುಡಿ ಎರಚಿದಂತೆ ಬೆಳಕು ಚೆಲ್ಲಿಕೊಂಡು ಬರುತ್ತಿದ್ದರು.

ನನಗೆ ಆಗಷ್ಟೇ ಲೈಸೆನ್ಸ್ ಸಿಕ್ಕಿತ್ತು. ಗಾಡಿ ಹೊಡೆಯಲು ಬರುವವನು ಲೋಕದಲ್ಲಿ ನಾನೊಬ್ಬನೇ ಎಂಬ ಸೊಕ್ಕು. ಒಂದು ಸಂಜೆ ಅಪ್ಪನ ಪಕ್ಕ ಕುಳಿತಿದ್ದೆ. ಹಿಂದೆ ಸಂತೆ ಮುಗಿಸಿದ ಹತ್ತು ಜನ. ಎದುರಿಗೆ ಲಾರಿ ಬಂತು. ಅಪ್ಪ ವೇಗ ತಗ್ಗಿಸಿ, ಮುಖವನ್ನೇ ಎಡಕ್ಕೆ ಹೊರಳಿಸಿಬಿಟ್ಟ.

"ರಸ್ತಾ ಬಿಟ್ಟು ಎತ್ತಾಗ ನೋಡಾಕತ್ತಿ ಯಪ್ಪಾ? ಕಣ್ಣ ಕಾಣೂದಿಲ್ಲಂದ್ರ ಸ್ಟೇರಿಂಗ್ ಯಾಕ ಹಿಡೀತಿ?" ಎಂದು ಕೂಗಿದೆ.

ಲಾರಿ ದಾಟಿ ಹೋಯಿತು. ಜೀಪು ಒಂದಿಷ್ಟೂ ಅತ್ತಿತ್ತ ಸರಿದಿರಲಿಲ್ಲ. ಅಪ್ಪ ಮುಖ ಮತ್ತೆ ರಸ್ತೆಗೆ ತಿರುಗಿಸಿ ಗೇರು ಬದಲಿಸಿದ.

"ಖರೇನ ಕಣ್ಣ ಕಾಣೂದಿಲ್ಲೇನ್ರಿ?" ಹಿಂದಿನಿಂದ ಒಬ್ಬಾಕೆ ಕೇಳಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ಸುದ್ದಿ ಸ್ಟ್ಯಾಂಡಿನ ತುಂಬ ಹಬ್ಬಿತು. ಅಪ್ಪನ ಜೀಪಿನ ತನಕ ಬಂದವರು ಒಳಗೆ ಇಣುಕಿ, ಮುಂದಿನ ಜೀಪು ಹತ್ತುತ್ತಿದ್ದರು. ಇಪ್ಪತ್ತು ವರ್ಷ ಒಂದು ಕೋಳಿಯನ್ನೂ ತುಳಿಯದ ಮನುಷ್ಯ ಖಾಲಿ ಗಾಡಿಯಲ್ಲಿ ಕೂತಿರುತ್ತಿದ್ದ. ತಿಂಗಳಾದ ಮೇಲೆ ಕೀಲಿಕೈ ನನ್ನ ಕೈಗಿಟ್ಟ.

"ನೀನ ಹೊಡಿ. ನೀ ಕೂತರ ಮಂದಿ ಹತ್ತತಾರ."

ಮೊದಲ ಸಂಜೆಯೇ ಲಾರಿಯೊಂದು ಎದುರಾಯಿತು. ಬೆಳಕನ್ನೇ ದಿಟ್ಟಿಸಿದೆ, ಎಲ್ಲ ಬಿಳಿಯಾಯಿತು, ಜೀಪು ನಡುರಸ್ತೆಗೆ ವಾಲಿತು. ಪಕ್ಕದಲ್ಲಿದ್ದ ಅಪ್ಪ ಸ್ಟೇರಿಂಗಿಗೆ ಕೈ ಹಚ್ಚಿ ಎಡಕ್ಕೆಳೆದ.

"ದೀಪ ನೋಡಬ್ಯಾಡ. ಎಡಕ್ಕ ಬೇವಿನ ಮರದ ಬುಡಕ್ಕ ಸುಣ್ಣ ಹಚ್ಚ್ಯಾರ ನೋಡು. ಅದನ್ನ ನೋಡ್ಕೋತ ಹೋಗು."

ನೋಡಿದೆ. ನಮ್ಮದೇ ದೀಪದ ಬೆಳಕಿಗೆ ಸುಣ್ಣದ ಪಟ್ಟಿಗಳು ಒಂದಾದ ಮೇಲೊಂದು ಬರುತ್ತಿದ್ದವು. ಅವತ್ತು ಅಪ್ಪ ಮುಖ ಹೊರಳಿಸಿ ನೋಡಿದ್ದು ಇವನ್ನೇ. ನಾಚಿಕೆಯಿಂದ ಕುಗ್ಗಿಹೋದೆ.

ಬಾಗೇವಾಡಿಯಲ್ಲಿ ಜನ ಇಳಿದ ಮೇಲೆ ಕೇಳಿದೆ: "ಅವತ್ತ ಯಾಕ ಹೇಳಲಿಲ್ಲ ಯಪ್ಪಾ?"

"ಹೊಸಾ ಲೈಸೆನ್ಸ್ ತಗದಿದ್ದಿ. ನಿನಗ ಇಷ್ಟೂ ತಿಳಿಯೂದಿಲ್ಲಂತ ಮಂದಿ ಮುಂದ ಅಂದಿದ್ರ, ನಾಳಿ ನಿನ್ನ ಗಾಡಿ ಯಾರ ಹತ್ತತಿದ್ರು?"

ಅಪ್ಪ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಹಿಡಿ ಅನ್ನುವ ಮುಖ ನನಗೂ ಇರಲಿಲ್ಲ.